ಗುಂಡಿ ಒತ್ತಿ ಸುಮ್ಮನಿರಿ

ಚನ್ನಗಿರಿ
14-2-1982

ತಿಪ್ಪೇಶಪ್ಪ ಮಾಸ್ಟರಿಗೆ ವಿರೂಪಾಕ್ಷಪ್ಪನ ಶರಣು.

ಕುಶಲ ಆಮೇಲೆ, ಮೊದಲು ಸುದ್ದಿ. ಮಾತಾಡುವ ರೇಡಿಯೋ ಸೆಟ್ಟು ಕೊಂಡೆ.

ಮುಂಬಯಿಯ ಹ್ಯಾಮ್ ಒಬ್ಬರು ತಮಗೆ ಹೊಸದು ಬಂತೆಂದು ಹಳೆಯದನ್ನು ಅಗ್ಗಕ್ಕೆ ಬಿಟ್ಟುಕೊಟ್ಟರು. ಜಪಾನಿನದು. ಅಲ್ಲಿಯೂ ಇದು ಬಡವರ ಸೆಟ್ಟಂತೆ. ಕೈಯಲ್ಲಿ ಹಿಡಿದರೆ ಅರ್ಧ ಇಟ್ಟಿಗೆಯಷ್ಟು ಭಾರ, ಹೆಗಲಿಗೆ ಹಾಕಲು ಚರ್ಮದ ಚೀಲ, ಒಂದೇ ಚಾನೆಲ್ಲು, ಪಕ್ಕದಲ್ಲಿ ಒಂದು ಗುಂಡಿ. ಒತ್ತಿ ಹಿಡಿದರೆ ನಾವು ಮಾತಾಡಬೇಕು, ಬಿಟ್ಟರೆ ಕೇಳಬೇಕು. ಸಂಸಾರದಲ್ಲೂ ಇಂಥ ಒಂದು ಗುಂಡಿ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು ಎಂದು ಸರ್ವಮಂಗಳಳಿಗೆ ಹೇಳಿದೆ. "ಒತ್ತಾಕೆ ನಿಮ್ಗೆ ಬರ್ತೈತೆ, ಬಿಡಾಕೆ ಬರಲ್ಲ" ಅಂದಳು.

ಅಡಿಕೆ ಮಂಡಿಯ ಸಾಹುಕಾರರಾದ ಬಸವರಾಜಪ್ಪನವರಿಗೆ ಹ್ಯಾಮ್ ಎಂದರೇನು ಎಂದು ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡು, ಗಾಳಿಯ ಮೂಲಕ ಕಂಡು ಕೇಳರಿಯದವರ ಜೊತೆ ಮಾತಾಡುವ ಹವ್ಯಾಸ ಎಂದೆ. "ಮಾತಾಡಾಕೆ ಪರೀಕ್ಷೆ ಯಾಕ್ರೀ? ದಿನಾ ಇಷ್ಟು ಹರಾಜು ಕೂಗ್ತೀರಿ, ಅದು ಸಾಲಂಗಿಲ್ಲೇನು?" ಅಂದರು. ಅವರಿಗೆ ಹೇಗೆ ಹೇಳಲಿ? ಮಂಡಿಯಲ್ಲಿ ನನ್ನ ಧ್ವನಿ ಕೇಳುವವರು ಅಡಿಕೆಯ ಧಾರಣೆಯನ್ನು ಕೇಳುತ್ತಾರೆಯೇ ಹೊರತು ನನ್ನನ್ನಲ್ಲ.

ನೀವು ಇಲ್ಲಿಯ ಪೋಸ್ಟಾಫೀಸಿನಲ್ಲಿ ತಂತಿ ಕಳಿಸುತ್ತಿದ್ದ ಕಾಲಕ್ಕೆ ನನಗೆ ಮೋರ್ಸ್ ಕಲಿಸದಿದ್ದರೆ ಈ ಲೈಸೆನ್ಸೇ ಸಿಗುತ್ತಿರಲಿಲ್ಲ. ಅಡಕತ್ತರಿಯಿಂದ ತಟ್ಟೆಗೆ ಗಿಡ್ಡ ಪೆಟ್ಟು, ಉದ್ದ ಪೆಟ್ಟು ಕುಟ್ಟಿ ಕುಟ್ಟಿ ನಾನು ಅಕ್ಷರ ಕಲಿತದ್ದು, ತಟ್ಟೆ ಸೊಟ್ಟಗಾಗಿದ್ದು ನಿಮಗೆ ನೆನಪಿರಬೇಕು. ಇನ್ನು ಮೋರ್ಸಿನ ಹಂಗಿಲ್ಲ, ಬಾಯಿ ತುಂಬ ಮಾತಾಡುತ್ತೇನೆ.

ನಿಮ್ಮ
ವಿರೂಪಾಕ್ಷಪ್ಪ


ಜಗಳೂರು
2-3-1982

ವಿರೂಪಾಕ್ಷಪ್ಪನವರೇ,

ಸಂತೋಷ. ಒಂದು ಪ್ರಶ್ನೆ. ಬಾಯಿ ತುಂಬ ಮಾತಾಡುವುದು ಯಾರ ಜೊತೆ?

ಆ ಸೆಟ್ಟಿನ ದನಿ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, ಎತ್ತರದ ಮೇಲೆ ನಿಂತರೆ ಇನ್ನು ಸ್ವಲ್ಪ. ಅಷ್ಟರೊಳಗೆ ಇನ್ನೊಬ್ಬ ಹ್ಯಾಮ್ ಇಲ್ಲ. ಜಗಳೂರು ಅದಕ್ಕೆ ಲಂಡನ್ನಿನಷ್ಟೇ ದೂರ. ನೀವು ಕೊಂಡದ್ದು ಸೆಟ್ಟಲ್ಲ, ಚರ್ಮದ ಚೀಲದಲ್ಲಿಟ್ಟ ಆಟಿಕೆ. ಎರಡು ಮಳೆಗಾಲ ಕಂಡರೆ ಹೆಚ್ಚು. ನಾನಾಗಿದ್ದರೆ ತಡೆದು, ಒಂದೊಂದೇ ಭಾಗ ಕೂಡಿಸಿ, ಮೇಜಿನ ಮೇಲೆ ಕೂರುವಂಥ ಗಟ್ಟಿ ಸೆಟ್ಟು ಕಟ್ಟಿಕೊಳ್ಳುತ್ತಿದ್ದೆ.

ಆದರೂ ಸಣ್ಣದೊಂದು ಬಲ್ಬು ಕಳಿಸಿದ್ದೇನೆ. ಆಂಟೆನಾದ ಹತ್ತಿರ ಹಿಡಿದು ಗುಂಡಿ ಒತ್ತಿ. ಮಿಣುಕಿದರೆ ಸೆಟ್ಟಿನಿಂದ ಏನೋ ಹೊರಗೆ ಹೋಗುತ್ತಿದೆ ಎಂದರ್ಥ. ಯಾರೂ ಉತ್ತರಿಸದಿದ್ದಾಗ ಅದನ್ನೇ ನೋಡಿಕೊಂಡು ಸಮಾಧಾನಪಡಿ.

ಇತಿ,
ತಿಪ್ಪೇಶಪ್ಪ


ಚನ್ನಗಿರಿ
3-12-1983

ಮಾಸ್ಟರೇ,

ನಿಮ್ಮ ಎರಡು ಮಳೆಗಾಲ ಮುಗಿದವು. ಸೆಟ್ಟು ಆರೋಗ್ಯವಾಗಿದೆ, ನಿಮ್ಮ ಆರೋಗ್ಯವನ್ನೂ ಕೇಳಿದೆ.

ಪ್ರತಿ ಭಾನುವಾರ ಸಂಜೆ ಕೋಟೆ ಗುಡ್ಡ ಹತ್ತುತ್ತೇನೆ. ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕಾಲ್‌ಸೈನಿನ ಅಕ್ಷರಗಳನ್ನು ಹೇಳಿ ಕರೆಯುತ್ತೇನೆ, ಗುಂಡಿ ಬಿಡುತ್ತೇನೆ, ಬುಸ್ಸೆಂದು ಸದ್ದು ಬರುತ್ತದೆ, ಅಷ್ಟೇ. ನಿಮ್ಮ ಬಲ್ಬು ಮಾತ್ರ ತಪ್ಪದೆ ಮಿಣುಕುತ್ತದೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಎಲ್ಲಿಯವನೋ ತಮಿಳಿನವನ ಮಾತು ತೇಲಿ ಬಂತು. ನಾನು ಗಂಟಲು ಹರಿಯುವಂತೆ ಕೂಗಿದೆ. ಅವನಿಗೆ ಕೇಳಲಿಲ್ಲ. ಆದರೂ ಇಳಿದು ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಈಗ ಮುಖ್ಯ ವಿಷಯ. ಹೋದ ವಾರ ಅಡಿಕೆ ನೋಡಲು ನಲ್ಲೂರಿನ ಶಿವಗಂಗಮ್ಮನವರ ಮನೆಗೆ ಹೋಗಿದ್ದೆ. ಬಗ್ಗಿದಾಗ ಹೆಗಲ ಮೇಲಿದ್ದ ಸೆಟ್ಟು ಜಾರಿ, ಆರಲು ಬಿಟ್ಟಿದ್ದ ಚೊಗರಿನ ಬಾನಿಯೊಳಗೆ ಬಿತ್ತು. ಬೇಯಿಸಿದ ಅಡಿಕೆಗೆ ಬಣ್ಣ ಕೊಡುವ ಆ ಕೆಂಪು ರಸ ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಬಣ್ಣ ಹೋಗದು. ಶಿವಗಂಗಮ್ಮನವರು ಜಾಲರಿ ಸೌಟಿನಿಂದ ಎತ್ತಿ, "ಇದ್ಕೂ ಬಣ್ಣ ಹಾಕಾಕೆ ತಂದಿದ್ರೇನ್ರೀ? ಮೊದ್ಲೇ ಹೇಳಿದ್ರೆ ಅಡಿಕೆ ಜೊತಿಗೇ ಬೇಯಿಸ್ತಿದ್ನಲ್ಲ" ಅಂದರು. ಕೂಲಿಗೆ ಬಂದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು.

ಸೆಲ್ಲು ತೆಗೆದು, ಮುಚ್ಚಳ ಬಿಚ್ಚಿ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಅಡಿಕೆಯ ಪಕ್ಕದಲ್ಲೇ ಇಟ್ಟು ಬಂದೆ. ಅಡಿಕೆ ಒಣಗಿದ ದಿನವೇ ಅದೂ ಒಣಗಿತು. ಮನೆಗೆ ತಂದು ಸೆಲ್ಲು ಹಾಕಿದರೆ, ಬುಸ್. ಆ ಸದ್ದು ಅಷ್ಟು ಇಂಪಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೈಯೆಲ್ಲ ಕೆಂಪಾಗಿದೆ. ಒತ್ತುವ ಗುಂಡಿಯ ರಬ್ಬರು ಮಾತ್ರ ಬಿರಿಯಿತು. ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಿದ್ದೇನೆ. ಹರಿದ ಚೀಲವನ್ನು ಮೂಟೆ ಹೊಲಿಯುವ ದಬ್ಬಣ ಮತ್ತು ಸುತಳಿಯಿಂದ ಹೊಲಿದಿದ್ದೇನೆ. ಜಪಾನಿನವನು ಈಗ ನೋಡಿದರೆ ತನ್ನ ಮಗನನ್ನು ಗುರುತಿಸಲಾರ, ಚನ್ನಗಿರಿಯವನೇ ಅನ್ನುತ್ತಾನೆ.

ಮನೆಯಲ್ಲಿ ಕೆಂಪಕ್ಕನವರಿಗೆ ಶರಣು ತಿಳಿಸಿ.

ವಿರೂಪಾಕ್ಷಪ್ಪ


ಹೊನ್ನಾಳಿ
22-6-1984

ವಿರೂಪಾಕ್ಷಪ್ಪನವರೇ,

ಮೇಲೆ ಊರಿನ ಹೆಸರು ನೋಡಿದಿರಾ? ವರ್ಗವಾಗಿದೆ. ಕೆಂಪಕ್ಕನಿಗೆ ಜಗಳೂರು ಬಿಡಲು ಮನಸ್ಸಿರಲಿಲ್ಲ. ಇಲ್ಲಿ ತುಂಗಭದ್ರೆಯಲ್ಲಿ ಕಾಲಿಟ್ಟ ಮೇಲೆ ಮುಖ ಸ್ವಲ್ಪ ಸಡಿಲಾಗಿದೆ.

ಚೊಗರಿನ ಕಥೆಯನ್ನು ಅವಳಿಗೂ ಓದಿ ಹೇಳಿದ್ದೆ. ಎರಡು ಮಳೆಗಾಲ ಎಂದಿದ್ದೆನಲ್ಲ, ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ಎನ್ನುತ್ತೇನೆ.

ನಿಮ್ಮ ಕೋಟೆ ಗುಡ್ಡದಿಂದ ಹೊನ್ನಾಳಿಗೆ ನಡುವೆ ದೊಡ್ಡ ಅಡ್ಡಿಯಿಲ್ಲ. ನಿಮ್ಮ ಚಾನೆಲ್ಲಿಗೆ ಹೊಂದುವ ಸೆಟ್ಟೊಂದನ್ನು ಮೇಜಿನ ಮೇಲೆ ಕಟ್ಟುತ್ತಿದ್ದೇನೆ. ಆಂಟೆನಾಕ್ಕೆ ನ್ಯಾಮತಿಯಿಂದ ಅಡಿಕೆ ಮರ ಸೀಳಿದ ಉದ್ದನೆಯ ದಬ್ಬೆ ತರಿಸಿ ಛಾವಣಿಗೆ ಬಿಗಿಸಿದ್ದೇನೆ. ಭಾಗಗಳು ಬರಬೇಕು, ತಡವಾಗುತ್ತದೆ. ಅವಸರ ಮಾಡಬೇಡಿ. ಇಷ್ಟು ವರ್ಷ ಒಬ್ಬರೇ ಮಾತಾಡಿದವರು ಇನ್ನೆರಡು ತಿಂಗಳು ಮಾತಾಡಿಕೊಂಡಿರಿ.

ಇತಿ,
ತಿಪ್ಪೇಶಪ್ಪ


ಚನ್ನಗಿರಿ
5-9-1984

ಮಾಸ್ಟರೇ,

ಅವಸರ ಮಾಡಬೇಡಿ ಎಂದಿರಿ. ಈಗ ಮಾಡಬೇಕಾಗಿದೆ.

ಬೇಸಿಗೆಯಿಂದ ಗಂಟಲು ಕಟ್ಟಿತ್ತು. ಕೂಗಿ ಕೂಗಿ ಹೀಗಾಯಿತೆಂದು ಬಿಸಿನೀರು, ಮೆಣಸು, ಜ್ಯೇಷ್ಠಮಧು ಎಲ್ಲ ಆಯಿತು. ಬೆಂಗಳೂರಿಗೆ ಹೋಗಿ ತೋರಿಸಿದೆ. ಧ್ವನಿಪೆಟ್ಟಿಗೆಯಲ್ಲಿ ಗಂಟಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಮಾತು? ಎಂದು ಕೇಳಿದೆ. ಅವರು ಸರ್ವಮಂಗಳಳ ಕಡೆ ನೋಡಿದರು. ಇದೇ ಇಪ್ಪತ್ತೊಂದಕ್ಕೆ ಆಪರೇಷನ್.

ನನಗೆ ಭಯವಾಗಿದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ. ಹರಾಜು ಕೂಗುವವನಿಗೆ ಗಂಟಲು ಹೋದರೆ ಉಳಿಯುವುದೇನು ಎಂದು ಒಬ್ಬನೇ ಇದ್ದಾಗ ಯೋಚನೆ ಹತ್ತುತ್ತದೆ.

ಒಂದೇ ಆಸೆ. ಇಷ್ಟು ಕಾಲ ಈ ಸೆಟ್ಟು ಒಂದು ದಿನವೂ ಕೈಕೊಟ್ಟಿಲ್ಲ, ಆದರೆ ಅದರಿಂದ ಹೊರಟ ನನ್ನ ಮಾತು ಒಂದು ಸಲವೂ ಯಾರ ಕಿವಿಯನ್ನೂ ಮುಟ್ಟಿಲ್ಲ. ಒಂದು ಸಲ ಮುಟ್ಟಲಿ, ಆಮೇಲೆ ಕೊಯ್ಯಲಿ. ಹದಿನಾರನೇ ತಾರೀಖು ಭಾನುವಾರ ಸಂಜೆ ಐದಕ್ಕೆ ಗುಡ್ಡದ ಮೇಲಿರುತ್ತೇನೆ. ಅಷ್ಟರೊಳಗೆ ನಿಮ್ಮ ಸೆಟ್ಟು ಸಿದ್ಧವಾಗಬೇಕು. ಕಾಲ್‌ಸೈನ್ ಹೇಳಿದ ಮೇಲೆ ಮಂಡಿಯಲ್ಲಿ ಕೂಗುವಂತೆ "ಒಂದು ಸಲ, ಎರಡು ಸಲ" ಎನ್ನುತ್ತೇನೆ. ನೀವು "ಮೂರು ಸಲ" ಎನ್ನಿ. ಅಲ್ಲಿಗೆ ಸವಾಲು ಮುಗಿಯಿತು, ಮಾಲು ನಿಮ್ಮದು.

ನಿಮ್ಮ
ವಿರೂಪಾಕ್ಷಪ್ಪ


ಹೊನ್ನಾಳಿ
17-9-1984

ಪ್ರಿಯ ವಿರೂಪಾಕ್ಷಪ್ಪನವರಿಗೆ,

ಹೇಗೆ ಬರೆಯುವುದೋ ತಿಳಿಯದು. ಕೇಳಲಿಲ್ಲ.

ಸೆಟ್ಟು ಶನಿವಾರವೇ ಸಿದ್ಧವಾಗಿತ್ತು. ನಿನ್ನೆ ಮನೆಯಲ್ಲಿ ಮೊಮ್ಮಗಳ ನಾಮಕರಣ, ನೆಂಟರು ತುಂಬಿದ್ದರು. ಆದರೂ ಐದಕ್ಕೆ ಮೊದಲೇ ಹೋಗಿ ಸೆಟ್ಟಿನ ಮುಂದೆ ಕುಳಿತೆ. ನಡುಮನೆಯಲ್ಲಿ ಯಾರೂ ಮಾತಾಡಬಾರದೆಂದು ಕಟ್ಟಪ್ಪಣೆ ಮಾಡಿದೆ. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತಿತ್ತು. ಕತ್ತಲಾಗುವವರೆಗೂ ಕುಳಿತಿದ್ದೆ. ನಾನು ಕರೆದರೆ ನಿಮ್ಮ ಮಾತು ತಪ್ಪಿಹೋದೀತೆಂದು ಗುಂಡಿ ಮುಟ್ಟಲಿಲ್ಲ. ನಿಮ್ಮ ಒಂದು ಅಕ್ಷರವೂ ಬರಲಿಲ್ಲ.

ನಿಮ್ಮ ಸೆಟ್ಟು ಕೊನೆಗೂ ಸೋತಿರಬೇಕು. ಅಗ್ಗದ ವಸ್ತು, ಎಷ್ಟೆಂದು ತಡೆದೀತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಪರೇಷನ್ ಸುಸೂತ್ರವಾಗಿ ಆಗಲಿ.

ನಿಮ್ಮ
ತಿಪ್ಪೇಶಪ್ಪ


ಬೆಂಗಳೂರು
8-10-1984

ಮಾಸ್ಟರೇ,

ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ಆಪರೇಷನ್ ಆಯಿತು. ನಿಮ್ಮ ಪತ್ರ ಚನ್ನಗಿರಿಯಿಂದ ಸುತ್ತಿ ಇಲ್ಲಿಗೆ ಬಂತು.

ಸೆಟ್ಟು ಸೋತಿಲ್ಲ. ಆ ಸಂಜೆ ಬಲ್ಬು ಮಿಣುಕಿದ್ದನ್ನು ಜೊತೆಗೆ ಗುಡ್ಡಕ್ಕೆ ಬಂದಿದ್ದ ಸರ್ವಮಂಗಳ ನೋಡಿದ್ದಾಳೆ.

ಒಂದು ಮಾತು ಕೇಳುತ್ತೇನೆ. ಗಡಿಯಾರದ ಸದ್ದು ಕೇಳುತ್ತಿತ್ತು ಎಂದು ಬರೆದಿದ್ದೀರಿ. ನನ್ನ ಸೆಟ್ಟು ಚಾಲೂ ಮಾಡಿದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳದು, ಅಷ್ಟು ಬುಸುಗುಡುತ್ತದೆ. ನಿಮ್ಮದು ಯಾಕೆ ಬುಸುಗುಡುತ್ತಿರಲಿಲ್ಲ?

ವಿರೂಪಾಕ್ಷಪ್ಪ


ಹೊನ್ನಾಳಿ
13-10-1984

ವಿರೂಪಾಕ್ಷಪ್ಪನವರೇ,

ನಿಮ್ಮ ಪ್ರಶ್ನೆ ಓದಿದವನು ಎದ್ದು ಸೆಟ್ಟಿನ ಹತ್ತಿರ ಹೋದೆ.

ನನ್ನ ಸೆಟ್ಟಿನಲ್ಲಿ ಬುಸುಗುಡುವುದನ್ನು ಅಡಗಿಸಲು ಒಂದು ತಿರುಗಣೆ ಇಟ್ಟಿದ್ದೇನೆ. ತಿರುಗಿಸಿದರೆ ಸೆಟ್ಟು ಬಾಯಿ ಮುಚ್ಚುತ್ತದೆ, ಬಲವಾದ ದನಿ ಬಂದರೆ ಮಾತ್ರ ತೆರೆಯುತ್ತದೆ. ಅವತ್ತು ಕೂಸು ಮಲಗಿತ್ತು. ಕೆಂಪಕ್ಕನ ತಂಗಿ, "ಭಾವಾರೇ, ಹಾವು ಸಾಕಿದ್ದೀರೇನ್ರೀ ಅದ್ರಾಗೆ?" ಅಂದಳು. ಎಲ್ಲರೂ ನಕ್ಕರು. ನನಗೆ ಮುಜುಗರವಾಗಿ ತಿರುಗಣೆಯನ್ನು ಪೂರ್ತಿ ತಿರುವಿದೆ. ಗುಡ್ಡದ ಮೇಲಿಂದ ಬಂದ ನಿಮ್ಮ ಸಣ್ಣ ದನಿ ಆ ಬಾಗಿಲ ಹೊರಗೇ ನಿಂತು ತಟ್ಟಿ ತಟ್ಟಿ ಹೋಗಿದೆ.

ಮನೆಯವರನ್ನೆಲ್ಲ ಸುಮ್ಮನಿರಿಸಿದೆ, ಸೆಟ್ಟನ್ನೂ ಸುಮ್ಮನಿರಿಸಿದೆ. ಇಷ್ಟು ವರ್ಷ ತಂತಿ ಆಫೀಸಿನಲ್ಲಿ ಕಿವಿಯಿಂದಲೇ ಅನ್ನ ತಿಂದವನು ನಾನು.

ಅಗ್ಗದ ವಸ್ತು ಎಂದು ಇನ್ನು ಮುಂದೆ ಬರೆಯುವುದಿಲ್ಲ. ನಿಮ್ಮ ಸೆಟ್ಟು ತನ್ನ ಕೆಲಸ ಮಾಡಿತ್ತು. ನನಗೆ ತುಂಬ ದುಃಖವಾಗಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ತಿಪ್ಪೇಶಪ್ಪ


ಚನ್ನಗಿರಿ
11-2-1985

ಮಾಸ್ಟರೇ,

ನಡುವೆ ನೀವು ಬರೆದ ಪತ್ರಗಳೆಲ್ಲ ತಲುಪಿವೆ. ಉತ್ತರಿಸಲಿಲ್ಲ, ಕೋಪವಿಲ್ಲ. ತಿರುಗಣೆ ತಿರುವಿದ್ದು ಕೂಸಿನ ನಿದ್ದೆಗೆ. ನಾನಾಗಿದ್ದರೂ ತಿರುವುತ್ತಿದ್ದೆ.

ಗಾಯ ಮಾಗಿದೆ. ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರು. ಮಂಡಿಗೆ ಹೋಗುತ್ತಿದ್ದೇನೆ. ಹರಾಜನ್ನು ಈಗ ಪಾಪಣ್ಣ ಕೂಗುತ್ತಾನೆ, ನಾನು ಅಡಿಕೆ ಆರಿಸಿ ರಾಶಿ, ಬೆಟ್ಟೆ ಎಂದು ದರ್ಜೆ ಬೇರೆ ಮಾಡುತ್ತೇನೆ. ಬಸವರಾಜಪ್ಪನವರು ಬಿಡಲಿಲ್ಲ. "ಬಾಯಿ ಹೋದ್ರೆ ಹೋಗ್ಲಿ, ಕಣ್ಣು ಕೈ ನಮ್ಗೆ ಬೇಕು" ಅಂದರು. ಎಲ್ಲರೂ ಒಳ್ಳೆಯವರು. ಎಲ್ಲರೂ ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ, ನನಗೆ ಉತ್ತರ ಕೊಡುವ ಕಷ್ಟ ಬೇಡ ಎಂದು.

ಹೊನ್ನಾಳಿ ಬಸ್ಸಿನ ಕಂಡಕ್ಟರ್ ಬಂಗಾರಪ್ಪನ ಕೈಯಲ್ಲಿ ಸೆಟ್ಟು ಕಳಿಸಿದ್ದೇನೆ. ನಿಮಗೂ ಲೈಸೆನ್ಸು ಇದೆ, ಇಟ್ಟುಕೊಳ್ಳಿ. ಅದು ಮಾತಾಡುವವನ ವಸ್ತು. ಗೂಟಕ್ಕೆ ನೇತುಹಾಕಿ ನೋಡುತ್ತ ಕೂರಲು ನನ್ನಿಂದಾಗದು. ಏನೂ ತಪ್ಪು ಮಾಡದ ಸೆಟ್ಟು ಮೂಲೆ ಸೇರಬಾರದು. ಬಳಸದಾಗ ಸೆಲ್ಲು ತೆಗೆದಿಡಿ, ಸೋರಿದರೆ ತಗಡು ತಿನ್ನುತ್ತದೆ.

ವಿರೂಪಾಕ್ಷಪ್ಪ


ಹೊನ್ನಾಳಿ
3-3-1985

ವಿರೂಪಾಕ್ಷಪ್ಪನವರೇ,

ಸೆಟ್ಟು ವಾಪಸು ಬರುತ್ತಿದೆ. ಬಂಗಾರಪ್ಪನನ್ನು ಬೈಯಬೇಡಿ, ನಾನೇ ಗದರಿಸಿ ಅವನ ಕೈಗೆ ಕೊಟ್ಟಿದ್ದೇನೆ.

ಕಳಿಸುವ ಮೊದಲು ಮುಚ್ಚಳ ತೆಗೆದು ನೋಡಿದೆ. ಒಳಗೂ ಚೊಗರಿನ ಕಲೆ. ಆದರೆ ಒಂದು ಬೆಸುಗೆ ಬಿಟ್ಟಿಲ್ಲ, ಒಂದು ಎಳೆ ತಂತಿ ಸಡಿಲಾಗಿಲ್ಲ. ಮಾಡಿದವನು ಅಗ್ಗದ್ದೆಂದು ಕೈ ಬಿಗಿ ಹಿಡಿದಿಲ್ಲ. ನೀವು ಇಟ್ಟುಕೊಂಡ ರೀತಿಯೂ ಹಾಗೇ ಇದೆ. ಸೆಲ್ಲಿನ ತಗಡು ಬೆಳ್ಳಗೆ ಹೊಳೆಯುತ್ತಿದೆ. ನನ್ನ ಮೇಜಿನ ಸೆಟ್ಟು ಈ ಆರು ತಿಂಗಳಲ್ಲಿ ಎರಡು ಸಲ ಕೆಟ್ಟಿದೆ. ಇದನ್ನು ನೀವು ಮಂಡಿಯಲ್ಲಿ ಎಲ್ಲರಿಗೂ ಹೇಳಬಹುದು. ಹೇಳಲಾಗದಿದ್ದರೆ ಬರೆದು ತೋರಿಸಿ.

ಇನ್ನು ಕೇಳಿ. ನನ್ನ ತಿರುಗಣೆಯನ್ನು ಕಿತ್ತು ಹಾಕಿದ್ದೇನೆ. ಸೆಟ್ಟು ಈಗ ಇಡೀ ಹೊತ್ತು ಬುಸುಗುಡುತ್ತದೆ. ಹೀಗೆ ಬುಸುಗುಡುವಾಗ ನ್ಯಾಮತಿ ಕಡೆಗೆ ಹೊರಟ ನನ್ನ ಮಗನ ಕೈಗೆ ನಿಮ್ಮ ಸೆಟ್ಟು ಕೊಟ್ಟು, ದಾರಿಯಲ್ಲಿ ನಿಂತು ಗುಂಡಿ ಒತ್ತಲು ಹೇಳಿದೆ. ಲೈಸೆನ್ಸಿಲ್ಲದವನಿಗೆ ಕೊಟ್ಟದ್ದು ತಪ್ಪೇ, ನಿಮ್ಮಲ್ಲೇ ಇರಲಿ. ಅವನು ಗುಂಡಿ ಒತ್ತಿದ, ಏನು ಮಾತಾಡಬೇಕೋ ತಿಳಿಯದೆ ಸುಮ್ಮನೆ ನಿಂತ. ಆ ಗಳಿಗೆಯಲ್ಲಿ ಇಲ್ಲಿ ಬುಸುಗುಡುವುದು ನಿಂತಿತು. ಗುಂಡಿ ಬಿಟ್ಟ, ಮತ್ತೆ ಬುಸ್ಸೆಂದಿತು.

ತಿಳಿಯಿತೇ? ಗುಂಡಿ ಒತ್ತಿದಷ್ಟು ಹೊತ್ತು ಇಲ್ಲಿ ಸದ್ದು ಇಳಿಯುತ್ತದೆ. ಗಿಡ್ಡಕ್ಕೆ ಒತ್ತಿದರೆ ಗಿಡ್ಡ, ಉದ್ದಕ್ಕೆ ಒತ್ತಿದರೆ ಉದ್ದ. ಅಡಕತ್ತರಿಯಲ್ಲಿ ತಟ್ಟೆ ಸೊಟ್ಟ ಮಾಡಿ ಕಲಿತ ವಿದ್ಯೆ ಮರೆತಿಲ್ಲ ತಾನೆ? ಗುಡ್ಡ ಹತ್ತಿ, ಗುಂಡಿ ಒತ್ತಿ ಸುಮ್ಮನಿರಿ. ಓದಿಕೊಳ್ಳುವುದು ನನ್ನ ಕೆಲಸ.

ಹದಿನಾಲ್ಕನೇ ತಾರೀಖು ಗುರುವಾರ, ಸಂಜೆ ಐದು.

ಕಾಯುತ್ತಿರುವ
ತಿಪ್ಪೇಶಪ್ಪ


ಚನ್ನಗಿರಿ
9-3-1985

ಮಾಸ್ಟರೇ,

ಗುಡ್ಡ ಹತ್ತುವುದು ನಿಧಾನವಾಗುತ್ತದೆ, ಉಸಿರು ಸಾಲದು. ಸರ್ವಮಂಗಳ ಜೊತೆಗೆ ಬರುತ್ತಾಳಂತೆ. ಅಕ್ಷರ ತಪ್ಪಿದರೆ ನಗಬೇಡಿ. ನಕ್ಕರೆ ನನಗೆ ಕೇಳುತ್ತದೆ, ನೆನಪಿರಲಿ.

ವಿ.


ಹೊನ್ನಾಳಿ
15-3-1985

ಪ್ರಿಯ ವಿರೂಪಾಕ್ಷಪ್ಪನವರಿಗೆ,

ನಿನ್ನೆ ಸಂಜೆ ಇಲ್ಲಿ ಏನಾಯಿತೆಂಬುದನ್ನು ನೀವು ನೋಡಿಲ್ಲ, ಆದ್ದರಿಂದ ಬರೆಯುತ್ತೇನೆ. ನಾನು ಪತ್ರ ಉದ್ದ ಮಾಡುವವನಲ್ಲ, ಇದೊಂದು ಸಲ ಸಹಿಸಿ.

ನಾಲ್ಕೂವರೆಗೇ ಕುಳಿತೆ. ಸೆಟ್ಟು ಬುಸುಗುಡುತ್ತಿತ್ತು. ಕೂಸು ಎದ್ದು ಅತ್ತಿತು, ಅಳಲಿ ಎಂದೆ. ಐದು ಹೊಡೆದು ಸ್ವಲ್ಪ ಹೊತ್ತಾಯಿತು. ನಿಮಗೆ ಗುಡ್ಡ ಹತ್ತಲು ಆಗಲಿಲ್ಲವೇನೋ ಎಂದುಕೊಂಡೆ. ಆಗ ಆ ಸದ್ದಿನ ನಡುವೆ ಒಂದು ಸಣ್ಣ ತಗ್ಗು ಬಿತ್ತು. ಪೂರ್ತಿ ನಿಲ್ಲಲಿಲ್ಲ, ತುಸು ಇಳಿಯಿತು ಅಷ್ಟೇ. ಮೊದಲು ಗಾಳಿಗೆ ಆಂಟೆನಾ ಅಲುಗಿತೆಂದುಕೊಂಡೆ. ಮತ್ತೆ ಇಳಿಯಿತು. ಗಿಡ್ಡ, ಗಿಡ್ಡ, ಗಿಡ್ಡ, ಉದ್ದ. ನಿಮ್ಮ ಕಾಲ್‌ಸೈನಿನ ಮೊದಲ ಅಕ್ಷರ.

ನೌಕರಿಯಲ್ಲಿ ಸಾವಿನ ಸುದ್ದಿ, ಮದುವೆಯ ಸುದ್ದಿ, ಎಲ್ಲವನ್ನೂ ತಂತಿಯಲ್ಲಿ ಬರೆದುಕೊಂಡಿದ್ದೇನೆ, ಒಂದು ಅಕ್ಷರ ಬಿಟ್ಟಿಲ್ಲ. ನಿನ್ನೆ ಪೆನ್ಸಿಲ್ಲು ಕೆಳಗಿಟ್ಟೆ. ಬರೆದುಕೊಳ್ಳದೆ ಕೇಳಿದೆ. ನಿಮ್ಮ ಕೈ ಎಲ್ಲೂ ತಪ್ಪಲಿಲ್ಲ. ಉದ್ದ ಪೆಟ್ಟನ್ನು ಸ್ವಲ್ಪ ಹೆಚ್ಚೇ ಎಳೆಯುತ್ತೀರಿ, ಮಂಡಿಯಲ್ಲಿ "ಸಲ" ಎನ್ನುವುದನ್ನು ಎಳೆಯುತ್ತಿದ್ದ ಹಾಗೆ. ಅಷ್ಟರಿಂದಲೇ ಕಣ್ಣು ಮುಚ್ಚಿದರೂ ಇವರು ವಿರೂಪಾಕ್ಷಪ್ಪನವರೇ ಎಂದು ಹೇಳಬಲ್ಲೆ.

ಕೆಂಪಕ್ಕ ಒಳಗಿನಿಂದ ಬಂದಳು. "ಯಾಕ್ರೀ ಕಣ್ಣಾಗೆ ನೀರು? ಏನೂ ಕೇಳಂಗಿಲ್ಲಲ್ಲ, ಬರೀ ಬುಸ್ ಅಂತೈತಲ್ಲ" ಅಂದಳು. ಕೈಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡೆ. ಸದ್ದು ಇಳಿದಾಗಲೆಲ್ಲ ಅವಳ ಕೈಮೇಲೆ ಬೆರಳಿನಿಂದ ತಟ್ಟಿದೆ. ಸ್ವಲ್ಪ ಹೊತ್ತಿಗೆ ಅವಳಿಗೂ ಗೊತ್ತಾಯಿತು. "ಅಯ್ಯ, ಹೌದಲ್ರೀ. ಅಣ್ಣಾರು ಮಾತಾಡ್ತಿದಾರೆ" ಅಂದಳು.

ಆಮೇಲೆ ನೀವು ಒಂದು ಸಲ ಎಂದಿರಿ. ಎರಡು ಸಲ ಎಂದಿರಿ. ಗುಂಡಿ ಬಿಟ್ಟು ಕಾದಿರಿ.

ನಾನು ತಡ ಮಾಡಿದೆ ಎಂದು ನಿಮಗೆ ಅನ್ನಿಸಿರಬೇಕು. ಸೆಟ್ಟು ಕೆಟ್ಟಿರಲಿಲ್ಲ. ಬಾಯಿಯಿದ್ದವನಿಗೇ ಬಾಯಿ ಬರಲಿಲ್ಲ. "ಮೂರು ಸಲ" ಎಂದು ನಾನು ಹೇಳಿದ್ದು ನಿಮಗೆ ಸರಿಯಾಗಿ ಕೇಳಿತೋ ಇಲ್ಲವೋ, ಆದ್ದರಿಂದ ಇಲ್ಲಿ ಮತ್ತೊಮ್ಮೆ ಬರೆದಿದ್ದೇನೆ: ಮೂರು ಸಲ. ಮಾಲು ನನ್ನದು.

ಹ್ಯಾಮ್‌ಗಳ ಪದ್ಧತಿಯಂತೆ ಮೊದಲ ಮಾತುಕತೆಯ ಕಾರ್ಡು ಇದರ ಜೊತೆಗಿದೆ. ಗೋಡೆಗೆ ಅಂಟಿಸಿಕೊಳ್ಳಿ. ದಿನ, ಹೊತ್ತು, ಊರು ಎಲ್ಲ ತುಂಬಿದ್ದೇನೆ. ಸೆಟ್ಟಿನ ಹೆಸರು ಬರೆಯುವ ಕಡೆ "ಚನ್ನಗಿರಿಯ ಕೆಂಪು ಸೆಟ್ಟು, ನಾಲ್ಕನೇ ವರ್ಷ" ಎಂದು ಬರೆದಿದ್ದೇನೆ. ಕೊನೆಯಲ್ಲಿ ಧ್ವನಿ, ಮೋರ್ಸ್ ಎಂದು ಎರಡು ಚೌಕಗಳಿವೆ, ನಡೆದದ್ದು ಯಾವುದರಲ್ಲಿ ಎಂದು ಗುರುತು ಹಾಕಬೇಕು. ಬಹಳ ಹೊತ್ತು ಯೋಚಿಸಿ "ಧ್ವನಿ" ಎನ್ನುವುದಕ್ಕೆ ಹಾಕಿದ್ದೇನೆ. ತಪ್ಪು ಎನ್ನುವುದಾದರೆ ಭಾನುವಾರ ಸಂಜೆ ಐದಕ್ಕೆ ಗುಡ್ಡ ಹತ್ತಿ ವಾದ ಮಾಡಿ, ಕೇಳಿಸಿಕೊಳ್ಳುತ್ತೇನೆ.

ನಿಮ್ಮ
ತಿಪ್ಪೇಶಪ್ಪ